ಇಲಿಯಿಲ್ಲದ ಮನೆ

ನಮ್ಮ ಮನೆಯಲ್ಲಿ ಇಲಿ ಇಲ್ಲವೆಂದು ಹೇಳಿದರೆ ಸಾಗರದ ಮಳೆಗಾಲವನ್ನು ಬಲ್ಲವರು ಯಾರೂ ನಂಬಲಾರರು. ಅಟ್ಟದ ಮೇಲೆ ಅಡಿಕೆ ಚೀಲ, ಅಡುಗೆಮನೆಯ ಮೂಲೆಯಲ್ಲಿ ತೆಂಗಿನಕಾಯಿ ರಾಶಿ ಇರುವ ಮನೆಯಲ್ಲಿ ಇಲಿ ಇಲ್ಲದಿರುವುದುಂಟೆ? ಇದೆ, ಬೇಕಾದಷ್ಟಿದೆ. ನಾನು ಹೇಳುತ್ತಿರುವುದು ಕಂಪ್ಯೂಟರಿನ ಇಲಿಯ ಮಾತು. ಮೌಸ್ ಎಂದು ಎಲ್ಲರೂ ಕರೆಯುವ ಆ ಪ್ರಾಣಿ ಈಗ ನಮ್ಮ ಷೋಕೇಸಿನ ಕೆಳಗಿನ ಖಾನೆಯಲ್ಲಿ, ಹಳೆಯ ಕನ್ನಡಕದ ಡಬ್ಬಿ ಮತ್ತು ಕೆಟ್ಟ ಟಾರ್ಚಿನ ಜೊತೆ, ಬಾಲ ಕಡಿಸಿಕೊಂಡು ಮಲಗಿದೆ. ಬಾಲ ಕಡಿದದ್ದು ಅಟ್ಟದ ಇಲಿ. ಸ್ವಜಾತಿ ಎಂಬ ಕನಿಕರವೂ ಅದಕ್ಕಿರಲಿಲ್ಲ.

ಮನೆಗೆ ಬಂದವರು ನಮ್ಮವರು ಕಂಪ್ಯೂಟರಿನ ಮುಂದೆ ಕೂತಿರುವುದನ್ನು ಕಂಡು, "ಮೌಸ್ ಇಲ್ಲದೆ ಹೇಗೆ ನಡೆಸುತ್ತೀರಿ?" ಎಂದು ಕೇಳುತ್ತಾರೆ. ಇವರು ಎಡಗೈಯನ್ನು ಮೇಲೆತ್ತಿ ಐದು ಬೆರಳು ಆಡಿಸಿ ತೋರಿಸುತ್ತಾರೆ. ಮೊದಮೊದಲು ಅದನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಏನೋ ತಿರುಚಿದಂತಾಗುತ್ತಿತ್ತು. ಈಗ ನಗು ಬರುತ್ತದೆ.

2021ರ ಆಷಾಢ. ಬೆಳಗ್ಗೆ ಹಲ್ಲುಜ್ಜಲು ಹೋದ ಇವರ ಕೈಯಿಂದ ಬ್ರಷ್ಷು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡರು, ಮತ್ತೆ ಬಿತ್ತು. "ಇದೇನೇ ಇದು" ಎನ್ನಲು ಬಾಯಿ ತೆರೆದರೆ ಮಾತಿನ ಬದಲು ಬೇರೇನೋ ಬಂತು. ಮುವ್ವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಬಾಯಿ ಅದು. ಪಾರ್ಶ್ವವಾಯು ಬಲಭಾಗವನ್ನು ಹಿಡಿದಿತ್ತು. ಆಸ್ಪತ್ರೆ, ಔಷಧ, ಓಡಾಟ, ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅನುಭವಿಸಿದವರಿಗೆ ಗೊತ್ತಿದೆ, ಅನುಭವಿಸದವರಿಗೆ ಗೊತ್ತಾಗುವುದೂ ಬೇಡ. ಕೆಲವು ತಿಂಗಳಲ್ಲಿ ಮಾತು ತಡವರಿಸುತ್ತ ಹಿಂದಿರುಗಿತು. ಕೋಲು ಹಿಡಿದು ನಡೆಯುವಷ್ಟು ಕಾಲು ಬಂತು. ಬಲಗೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಮಲಗಿದ ಮಗುವಿನ ಹಾಗೆ ಅದು ಇವತ್ತಿಗೂ ಅವರ ತೊಡೆಯ ಮೇಲೆ ಮಲಗಿರುತ್ತದೆ.

ಎಡಗೈಯೊಂದು ಉಳಿಯಿತಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಆದರೆ ನಮ್ಮವರ ಕಣ್ಣಲ್ಲಿ ಎಡಗೈ ಒಂದು ಕೈಯೇ ಆಗಿರಲಿಲ್ಲ. ನಮ್ಮ ಮನೆಗಳಲ್ಲಿ ಎಡಗೈಗೆ ಇರುವ ಮರ್ಯಾದೆ ನಿಮಗೂ ಗೊತ್ತಲ್ಲ? ಎಡಗೈಯಲ್ಲಿ ದುಡ್ಡು ಕೊಡಬಾರದು, ಪ್ರಸಾದ ತೆಗೆದುಕೊಳ್ಳಬಾರದು, ಬಡಿಸಬಾರದು. ಎಡಗೈಯಲ್ಲಿ ಉಣ್ಣುವುದಿಲ್ಲ ಎಂದು ಇವರು ಹಟ ಹಿಡಿದರು. ಎರಡು ತಿಂಗಳು ನಾನೇ ತುತ್ತು ಕೊಟ್ಟೆ. ಸಾರನ್ನ ಕಲಸಿ ಬಾಯಿಗಿಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಚಮಚ ಕೈಗೆ ಕೊಟ್ಟು, "ಚಮಚಕ್ಕೆ ಎಡ ಬಲ ಇಲ್ಲ" ಎಂದೆ. ಅಷ್ಟು ಹೇಳಿದ್ದಕ್ಕೆ ಒಂದು ದಿನವೆಲ್ಲ ಮಾತಾಡಲಿಲ್ಲ. ರಾತ್ರಿ ಮಲಗುವಾಗ ತಾವಾಗಿ ಹೇಳಿದರು: ಹಿಂದೆ ಒಬ್ಬ ಎಡಚ ಹುಡುಗನಿದ್ದನಂತೆ, ಏಳನೆಯ ಸಾಲಿನ ಬೆಂಚಿನಲ್ಲಿ. ಬಲಗೈಯಲ್ಲಿ ಬರೆ ಎಂದು ಇವರು ಅವನ ಎಡಗೈ ಗೆಣ್ಣಿನ ಮೇಲೆ ಅಡಿಪಟ್ಟಿಯಿಂದ ಹೊಡೆದಿದ್ದರಂತೆ. ಹುಡುಗನ ಹೆಸರು ಮರೆತಿದೆ, ಅಡಿಪಟ್ಟಿಯ ಸದ್ದು ಮರೆತಿಲ್ಲ ಎಂದರು.

ಉಣ್ಣುವುದು ಹಾಗೂ ಹೀಗೂ ಸರಿಹೋಯಿತು. ಸರಿಹೋಗದೆ ಉಳಿದದ್ದು ಓದು. ಪುಸ್ತಕ ಹಿಡಿದರೆ ಹಾಳೆ ಮಗುಚಲು ಇನ್ನೊಂದು ಕೈ ಇಲ್ಲ. ಮೊಬೈಲಿನಲ್ಲಿ ಓದಬಹುದಲ್ಲ ಎಂದು ಪುಣೆಯಲ್ಲಿರುವ ಮಗ ಹೇಳಿದ. ಹಿಡಿಯುವ ಕೈಯೂ ಮುಟ್ಟುವ ಕೈಯೂ ಒಂದೇ ಆದರೆ ಮೊಬೈಲು ಮೇಜಿನ ಮೇಲೆ ಸಾಬೂನಿನ ಹಾಗೆ ಜಾರುತ್ತದೆ. ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಮಗ ಇನ್ನೊಂದು ಉಪಾಯ ಹೇಳಿದ. ಇವರು ಕಷ್ಟಪಟ್ಟು "ಪಂಪ" ಎಂದರು. ಅದು "ಪಂಪು" ಎಂದು ಬರೆದುಕೊಂಡು ಬೋರ್‌ವೆಲ್ ಮೋಟಾರುಗಳ ಬೆಲೆ ತೋರಿಸಿತು. ನಾನು ತಡೆಯಲಾರದೆ ನಕ್ಕುಬಿಟ್ಟೆ. ನಗಬಾರದಿತ್ತು. ಅವರು ಮೊಬೈಲನ್ನು ಮಗುಚಿ ಇಟ್ಟು ಗೋಡೆ ಕಡೆ ತಿರುಗಿದರು.

ಮಗ ತನ್ನ ಹಳೆಯ ಕಂಪ್ಯೂಟರನ್ನು ತಂದಿಟ್ಟು ಹೋದ. ದೊಡ್ಡ ಪರದೆ, ದೊಡ್ಡ ಅಕ್ಷರ. ಮೌಸನ್ನು ಎಡಗಡೆ ಇಟ್ಟು ಅದರ ಗುಂಡಿಗಳನ್ನೂ ಅದಲುಬದಲು ಮಾಡಿಕೊಟ್ಟ. ಆದರೆ ಅರವತ್ತೊಂಬತ್ತು ವರ್ಷ ಬರೀ ಲೋಟ ಹಿಡಿದ ಎಡಗೈ ಅದು. ಬಾಣದ ಗುರುತು ಪರದೆಯ ಮೇಲೆ ಮಳೆಹುಳದ ಹಾಗೆ ಹಾರಾಡುತ್ತಿತ್ತು. ಸಣ್ಣ ಅಕ್ಷರದ ಒಂದು ಕೊಂಡಿಯ ಮೇಲೆ ಅದನ್ನು ತಂದು ನಿಲ್ಲಿಸುವಷ್ಟರಲ್ಲಿ ಇವರ ಹಣೆ ಬೆವರುತ್ತಿತ್ತು. ಒತ್ತಿದರೆ ಪಕ್ಕದ ಜಾಹೀರಾತು ತೆರೆದುಕೊಳ್ಳುತ್ತಿತ್ತು. ಶಾಸನದ ಬಗ್ಗೆ ಓದಲು ಹೋಗಿ ಒಮ್ಮೆ ವಧೂವರರ ಪುಟದಲ್ಲಿ ಸಿಕ್ಕಿಬಿದ್ದರು. "ರೀ, ಈ ವಯಸ್ಸಿನಲ್ಲಿ ಯಾರನ್ನು ಹುಡುಕುತ್ತಿದ್ದೀರಿ?" ಎಂದೆ. ಆಗ ಮಾತ್ರ ನಕ್ಕರು. ಅಂತೂ ಪ್ರತಿ ಪುಟಕ್ಕೂ ನನ್ನನ್ನು ಕರೆಯಬೇಕು. "ಏ ಇವಳೇ" ಎಂದು ಕೂಗು ಬಂದರೆ ನಾನು ಒಗ್ಗರಣೆ ಬಿಟ್ಟು ಬಂದು ಒತ್ತಿ ಹೋಗಬೇಕು. ಒಂದು ಗಂಟೆಯಲ್ಲಿ ಹತ್ತು ಸಲ. ಹನ್ನೊಂದನೆಯ ಸಲ ನನ್ನ ಮುಖ ಹೇಗಿರುತ್ತಿತ್ತೋ, ಆಮೇಲಾಮೇಲೆ ಅವರು ಕೂಗುವುದನ್ನೇ ಬಿಟ್ಟರು. ಅದೇ ಪುಟ ನೋಡುತ್ತ ಸುಮ್ಮನೆ ಕೂತಿರುತ್ತಿದ್ದರು.

ಇಂಥ ಹೊತ್ತಿನಲ್ಲಿ ಅಟ್ಟದ ಇಲಿ ಇಳಿದು ಬಂದು ಮೇಜಿನ ಇಲಿಯ ಬಾಲ ಕಡಿಯಿತು. ಹೊರಗೆ ಮೂರು ದಿನದಿಂದ ಹೊಡೆಯುತ್ತಿದ್ದ ಮಳೆ. ಇವರನ್ನು ಬಿಟ್ಟು ಅಂಗಡಿಗೆ ಹೋಗುವಂತಿಲ್ಲ. ನಾನು ಮೇಜಿನ ಮುಂದೆ ಕೂತು, ಕೀಲಿಮಣೆಯ ಮೇಲೆ ಬೆರಳಿಟ್ಟೆ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಿಕೊಳ್ಳಬೇಕು. ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ, ಅಲ್ಲೇ ನಿವೃತ್ತಳಾದವಳು ನಾನು. ಎಸ್ಸೆಸ್ಸೆಲ್ಸಿ ಆದ ಹುಡುಗಿಯರು ಮದುವೆಯಾಗುವ ತನಕ ಸುಮ್ಮನೆ ಇರಬಾರದೆಂದು ಟೈಪಿಂಗಿಗೆ ಕಳಿಸುತ್ತಿದ್ದ ಕಾಲದಲ್ಲಿ ಕಲಿತದ್ದು. ಮೇಷ್ಟ್ರು ನಮ್ಮ ಕೈಗಳ ಮೇಲೆ ಒಂದು ಬಟ್ಟೆ ಹೊದಿಸಿ, ನೋಡದೆ ಒತ್ತಿ ಎನ್ನುತ್ತಿದ್ದರು. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಈ ಮಂತ್ರವನ್ನು ನೂರೆಂಟಲ್ಲ, ಸಾವಿರದೆಂಟು ಸಲ ಜಪಿಸಿದ್ದೇನೆ. ಇಂಗ್ಲಿಷ್, ಕನ್ನಡ ಎರಡರಲ್ಲೂ ಸೀನಿಯರ್ ಪಾಸಾದೆ. ಆಮೇಲೆ ಕಂಪ್ಯೂಟರ್ ಬಂತು, ಕಚೇರಿಯಲ್ಲೇ ನುಡಿ ತಂತ್ರಾಂಶ ಕಲಿತೆ. ಆದರೂ ನಮ್ಮ ಮನೆಯಲ್ಲಿ ಅದೊಂದು ವಿದ್ಯೆ ಎಂದು ಯಾರೂ ಎಣಿಸಿರಲಿಲ್ಲ. ಇವರು ಪಾಠ ಹೇಳಿ ಬಂದರೆ ವಿದ್ಯಾದಾನ, ನಾನು ಐವತ್ತು ಆದೇಶ ಕುಟ್ಟಿ ಬಂದರೆ "ಟಕಟಕ ಕೆಲಸ." ಹಾಗೆ ಹೇಳುವಾಗ ಇವರ ದನಿಯಲ್ಲಿ ಕುಹಕವಿರುತ್ತಿರಲಿಲ್ಲ. ಅದೇ ನನಗೆ ಹೆಚ್ಚು ನೋವಾಗುತ್ತಿದ್ದದ್ದು.

ಆ ದಿನ ಟ್ಯಾಬ್ ಕೀಲಿ ಒತ್ತಿದೆ. ಪುಟದ ಮೇಲೆ ಒಂದು ಕೊಂಡಿಯ ಸುತ್ತ ತೆಳ್ಳಗೆ ಒಂದು ಚೌಕಟ್ಟು ಮೂಡಿತು. ಮತ್ತೆ ಒತ್ತಿದೆ, ಚೌಕಟ್ಟು ಮುಂದಿನ ಕೊಂಡಿಗೆ ಹೋಯಿತು. ಎಂಟರ್ ಒತ್ತಿದೆ, ಪುಟ ತೆರೆಯಿತು. ಸ್ಪೇಸ್ ಬಾರ್ ಒತ್ತಿದೆ, ಪುಟ ಒಂದು ಪರದೆಯಷ್ಟು ಮೇಲೆ ಸರಿಯಿತು. ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಹಿಂದಕ್ಕೆ ಬಂತು. ಹಿಂದೆ ನೋಡಿದರೆ ಇವರು ಕೋಲೂರಿ ನಿಂತು ನೋಡುತ್ತಿದ್ದರು. "ಸ್ಪೇಸು... ನಾನು ಒತ್ತಲಾ?" ಎಂದರು. ಕೀಲಿಮಣೆಯಲ್ಲಿ ಎಲ್ಲಕ್ಕಿಂತ ಉದ್ದದ ಕೀಲಿ ಅದು, ನಡುಗುವ ಕೈಗೂ ತಪ್ಪುವುದಿಲ್ಲ. ಒತ್ತಿದರು. ಪುಟ ಸರಿಯಿತು. ಹಾಳೆ ಮಗುಚಿದರು ಎಂದೇ ನಾನು ಹೇಳುವುದು. ಆ ಮಧ್ಯಾಹ್ನ ಬಾದಾಮಿಯ ಶಾಸನದ ಬಗ್ಗೆ ಒಂದು ಉದ್ದದ ಲೇಖನವನ್ನು ಯಾರನ್ನೂ ಕರೆಯದೆ ಕೊನೆಯವರೆಗೆ ಓದಿದರು.

ಮರುದಿನದಿಂದ ನಾನು ಮೇಷ್ಟ್ರು, ಅವರು ವಿದ್ಯಾರ್ಥಿ. ಪಾಠ ಮಾಡುತ್ತ ಒಂದು ವಿಷಯ ನನಗೇ ಹೊಳೆಯಿತು. ಟೈಪಿಂಗ್ ಕಲಿತವರಿಗೆ ಗೊತ್ತು, ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಎಡಗೈ ಪಾಲಿಗೆ 15, ಬಲಗೈ ಪಾಲಿಗೆ 11. ದುಡಿಮೆಯೆಲ್ಲ ಎಡಗೈಯದೇ, ಹೆಸರು ಮಾತ್ರ ಬಲಗೈಗೆ. (ಮನೆಯೊಳಗಿನ ವ್ಯವಹಾರ ನೆನಪಾಯಿತೇ? ನನಗೂ ಆಯಿತು.) ಕಂಪ್ಯೂಟರಿನ ಒಳದಾರಿಗಳೂ ಹೆಚ್ಚಿನವು ಎಡಗೈ ಬದಿಯಲ್ಲೇ ಇವೆ. ಕತ್ತರಿಸಲು ಎಕ್ಸ್, ನಕಲಿಗೆ ಸಿ, ಅಂಟಿಸಲು ವಿ, ಮಾಡಿದ್ದನ್ನು ರದ್ದುಮಾಡಲು ಝಡ್, ನಾಲ್ಕೂ ಕಂಟ್ರೋಲ್ ಕೀಲಿಯ ಮಗ್ಗುಲಲ್ಲೇ ಸಾಲಾಗಿ ಕೂತಿವೆ. ಹೊಸ ಪುಟಕ್ಕೆ ಟಿ, ಮುಚ್ಚಲು ಡಬ್ಲ್ಯೂ, ಪುಟದೊಳಗೆ ಒಂದು ಪದ ಹುಡುಕಲು ಎಫ್, ಹೊಸದಾಗಿ ತರಿಸಲು ಆರ್. ವಿಳಾಸದ ಪಟ್ಟಿಗೆ ಹೋಗಲು ಎಲ್ಲರೂ ಹೇಳಿಕೊಡುವ ಕಂಟ್ರೋಲ್ ಎಲ್ ಬಲಗಡೆಗಿದೆ, ನಿಜ. ಆದರೆ ಆಲ್ಟ್ ಹಿಡಿದು ಡಿ ಒತ್ತಿದರೂ ಅದೇ ಕೆಲಸ ಆಗುತ್ತದೆ, ಅದು ಎಡಗಡೆ. ಬಲಗೈಗೆ ಮೌಸ್ ಕೊಟ್ಟಿದ್ದರಿಂದ ಕೀಲಿಗಳ ಕೆಲಸವನ್ನು ಎಡಗೈಗೆ ಬಿಟ್ಟಿದ್ದಾರೆ, ಅಷ್ಟೆ.

ಮೌಸನ್ನು ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೊದಲ ಬಾರಿ ಜನರೆದುರು ಅದನ್ನು ಆಡಿಸಿ ತೋರಿಸಿದಾಗ, ಅವನ ಬಲಗೈಯಲ್ಲಿ ಮೌಸ್ ಇದ್ದರೆ ಎಡಗೈ ಕೆಳಗೆ ಐದೇ ಐದು ಕೀಲಿಗಳ ಒಂದು ಪುಟ್ಟ ಮಣೆ ಇತ್ತು. ಪಿಯಾನೋ ಒತ್ತುವ ಹಾಗೆ ಎರಡು ಮೂರು ಕೀಲಿ ಸೇರಿಸಿ ಒತ್ತಿದರೆ ಒಂದೊಂದು ಅಕ್ಷರ. ಲೋಕ ಅವನ ಬಲಗೈಯದನ್ನು ತೆಗೆದುಕೊಂಡು ಎಡಗೈಯದನ್ನು ಮರೆತುಬಿಟ್ಟಿತು. ಇದನ್ನು ಓದಿ ಹೇಳಿದಾಗ ಇವರು, "ಅಲ್ಲೂ ಹಾಗೇನಾ" ಎಂದರು.

ಎಲ್ಲ ಸುಲಭವಾಯಿತು ಎಂದುಕೊಳ್ಳಬೇಡಿ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವುದು ಎರಡು ಕೈ ಇದ್ದವರ ಕಟ್ಟಳೆ. ಕಂಟ್ರೋಲನ್ನು ಕಿರುಬೆರಳಲ್ಲಿ ಹಿಡಿದು ಟಿ ಮುಟ್ಟುವುದು ಅಭ್ಯಾಸವಿದ್ದ ನನಗೆ ಸಲೀಸು. ಇವರ ಬೆರಳು ಅಷ್ಟು ಅಗಲವಾಗಿ ತೆರೆಯುತ್ತಿರಲಿಲ್ಲ. ಹಿಂದಿನ ಪುಟಕ್ಕೆ ಹೋಗಲು ಆಲ್ಟ್ ಮತ್ತು ಎಡ ಬಾಣ. ಆಲ್ಟ್ ಈ ತುದಿಗೆ, ಬಾಣ ಆ ತುದಿಗೆ. ಗದ್ದದಿಂದ ಒಂದನ್ನು ಒತ್ತಿಹಿಡಿಯಲು ಪ್ರಯತ್ನಿಸಿದ್ದನ್ನೂ ನಾನು ನೋಡಿದ್ದೇನೆ. ಸಿಟ್ಟು ಬಂದಾಗ ಶಿಫ್ಟ್ ಕೀಲಿಯನ್ನು ಪಟಪಟನೆ ಬಡಿಯುತ್ತಿದ್ದರು. ಬಡಿದಾಗೆಲ್ಲ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪೆಟ್ಟಿಗೆ ಮೂಡಿ ಏನೋ ಕೇಳುತ್ತಿತ್ತು. ನಾನು ಓಡಿಬಂದು ಅದನ್ನು ಬೇಡವೆಂದು ಮುಚ್ಚುತ್ತಿದ್ದೆ. ನೀವೂ ಮುಚ್ಚಿರುತ್ತೀರಿ. ಯಾರಾದರೂ ಆ ಪೆಟ್ಟಿಗೆಯನ್ನು ಓದಿದ್ದುಂಟೆ?

ಒಂದು ಸಂಜೆ, ಮುಚ್ಚಿ ಮುಚ್ಚಿ ಬೇಸತ್ತು, ಓದಿದೆ. ಸ್ಟಿಕ್ಕಿ ಕೀಸ್ ಬೇಕೆ ಎಂದು ಕೇಳುತ್ತಿತ್ತು ಅದು. ಶಿಫ್ಟನ್ನು ಐದು ಸಲ ಒತ್ತಿದರೆ ಕೇಳುತ್ತದಂತೆ. ಹೌದು ಎಂದರೆ, ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾಗಿಲ್ಲ. ಮೊದಲು ಕಂಟ್ರೋಲ್ ಒತ್ತಿ ಬಿಡಿ, ಅದು ನೆನಪಿಟ್ಟುಕೊಂಡು ಕಾಯುತ್ತದೆ. ನಿಧಾನವಾಗಿ ಟಿ ಹುಡುಕಿ ಒತ್ತಿ. ಎರಡು ಕೈಯ ಕೆಲಸ ಒಂದು ಬೆರಳಿಗೆ ಬಂತು. ನಾಲ್ಕು ತಿಂಗಳಿಂದ ನಮ್ಮ ಮನೆಬಾಗಿಲಿಗೆ ಬಂದು ಬೇಕೇ ಬೇಕೇ ಎಂದು ಕೇಳುತ್ತಿದ್ದವನನ್ನು ನಾನೇ ಬಾಗಿಲು ಹಾಕಿ ಕಳಿಸುತ್ತಿದ್ದೆನಲ್ಲ!

ಇವರು ಅದಕ್ಕೆ "ಅಂಟಿನುಂಡೆ ಕೀಲಿ" ಎಂದು ಹೆಸರಿಟ್ಟರು. ಅಶಕ್ತರಿಗೆ ಕೊಡುವುದಲ್ಲವೇ ಅಂಟಿನುಂಡೆ, ಸರಿಯಾಗಿಯೇ ಇದೆ ಎಂದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಎಂಬ ಕೇಂದ್ರದಲ್ಲಿ, ಕೈಕಾಲು ಸ್ವಾಧೀನವಿಲ್ಲದವರಿಗಾಗಿ ಕೆಲಸ ಮಾಡುತ್ತಿದ್ದವರು ರೂಪಿಸಿದ್ದಂತೆ ಇದನ್ನು. 1995ರಲ್ಲಿ ಬಂದ ವಿಂಡೋಸ್ 95ರಿಂದ ಎಲ್ಲ ವಿಂಡೋಸ್ ಕಂಪ್ಯೂಟರುಗಳಲ್ಲೂ ಇದೆ. ನನಗೆ ಇನ್ನೊಂದು ಕಾರಣಕ್ಕೆ ಸಂತೋಷವಾಯಿತು. ನಾವು ಕುಟ್ಟಿದ ಟೈಪ್‌ರೈಟರಿನ ಮೂಲಪುರುಷ ಕ್ರಿಸ್ಟೋಫರ್ ಶೋಲ್ಸ್ ಅದೇ ವಿಸ್ಕಾನ್ಸಿನ್ನಿನ ಮಿಲ್ವಾಕಿ ಊರಿನವನು. 1874ರಲ್ಲಿ ಅವನ ಯಂತ್ರವನ್ನು ಮಾರಾಟಕ್ಕೆ ತಂದದ್ದು ರೆಮಿಂಗ್ಟನ್ ಕಂಪನಿ. ತಯಾರಿಸಿದ್ದು ಆ ಕಂಪನಿಯ ಹೊಲಿಗೆಯಂತ್ರದ ವಿಭಾಗ. ಹಾಗಾಗಿ ಮೊದಲ ಟೈಪ್‌ರೈಟರುಗಳ ಮೈಮೇಲೆ ಹೊಲಿಗೆಯಂತ್ರದ ಮೇಲಿರುವಂತೆ ಹೂಬಳ್ಳಿ ಬಿಡಿಸಿದ್ದರು, ಕೆಳಗೆ ಕಾಲಿನಿಂದ ತುಳಿಯುವ ಹಲಗೆಯೂ ಇತ್ತು. ತುಳಿದರೆ ಮುಂದಿನ ಸಾಲು. ಹೊಲಿಗೆಯವಳ ತಂಗಿ ಈ ಬೆರಳಚ್ಚಿನವಳು ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು. ಅನ್ನಿಸಿದ್ದು ಸುಳ್ಳಲ್ಲ.

ಅಂಟಿನುಂಡೆಗೂ ಒಂದು ಕೊಂಕಿದೆ. ನಮ್ಮ ಕಂಪ್ಯೂಟರಿನಲ್ಲಿ ಯಾರಾದರೂ ಮಾಮೂಲಿನಂತೆ ಎರಡು ಕೀಲಿ ಒಟ್ಟಿಗೆ ಒತ್ತಿದರೆ, ಎರಡು ಕೈಯವರು ಬಂದರೆಂದು ತಿಳಿದು ಅದು ಸುಮ್ಮನೆ ಎದ್ದು ಹೋಗಿಬಿಡುತ್ತಿತ್ತು. ನಾನು ಕರೆಂಟ್ ಬಿಲ್ ಕಟ್ಟಿ ಎದ್ದ ಮೇಲೆ ಇವರು ಕೂತರೆ ಒಂದೂ ನಡೆಯದು. "ಮುಟ್ಟಿದೆಯಾ?" ಎಂದು ಕೂಗುತ್ತಿದ್ದರು. ಮುಟ್ಟಿದೆ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಎರಡು ವಾರದ ಜಗಳವಾದ ಮೇಲೆ, ಅದನ್ನು ನಿಲ್ಲಿಸುವ ಗುರುತು ಸೆಟ್ಟಿಂಗಿನಲ್ಲೇ ಇದೆಯೆಂದು ಕಂಡುಕೊಂಡೆ. ತೆಗೆದುಹಾಕಿದೆ. ನಾನು ಆವತ್ತು ಹುಡುಕದಿದ್ದರೆ ಆ ಜಗಳ ಇನ್ನೂ ನಡೆಯುತ್ತಿತ್ತೇನೋ.

ಕೀಲಿಗಳನ್ನು ನೆನಪಿಡಲು ಇವರು ತಮ್ಮದೇ ಕನ್ನಡ ಸೂತ್ರ ಮಾಡಿಕೊಂಡರು. ಡಿ ಎಂದರೆ ದಾರಿ, ವಿಳಾಸಕ್ಕೆ ಹೋಗುವುದು. ಟಿ ಎಂದರೆ ತೆರೆ. ಡಬ್ಲ್ಯೂ ಎಂದರೆ ವಜಾ. ಎಫ್‌ಗೆ ಮಾತ್ರ ಯಾವ ಕನ್ನಡ ಪದವೂ ಹೊಂದಲಿಲ್ಲವೆಂದು ಅದನ್ನು ಹಾಗೇ ಬಿಟ್ಟರು. ವಜಾ ಅವರಿಗೆ ಬಹಳ ಪ್ರಿಯವಾದ ಕೀಲಿಯಾಯಿತು. ಕಣ್ಣಿಗೆ ರಾಚುವ ಜಾಹೀರಾತಿನ ಪುಟ ಬಂದರೆ "ವಜಾ!" ಎಂದು ಘೋಷಿಸಿ ಒತ್ತುತ್ತಿದ್ದರು. ಆ ಪದ ಅವರ ನಾಲಗೆಯಿಂದ ಸ್ಪಷ್ಟವಾಗಿ ಬರುತ್ತಿತ್ತು. ಮಾತು ಕಲಿಸಲು ಬರುತ್ತಿದ್ದ ಹುಡುಗಿಯೇ ಆಶ್ಚರ್ಯಪಟ್ಟಳು.

ಟ್ಯಾಬ್ ಒತ್ತುತ್ತ ಹೋಗುವವರಿಗೆ ಮೌಸಿನವರು ಕಾಣದ ಕೆಲವು ವಿಷಯಗಳು ಕಾಣುತ್ತವೆ. ವಿಕಿಪೀಡಿಯದ ಪುಟ ತೆರೆದು ಮೊದಲ ಟ್ಯಾಬ್ ಒತ್ತಿದರೆ, ಅಲ್ಲಿಯವರೆಗೆ ಎಲ್ಲೂ ಇಲ್ಲದ ಒಂದು ಕೊಂಡಿ ಮೇಲುಗಡೆ ಎದ್ದು ಬರುತ್ತದೆ. ಎಂಟರ್ ಒತ್ತಿದರೆ ಪಕ್ಕದ ಪಟ್ಟಿಗಳನ್ನೆಲ್ಲ ದಾಟಿಸಿ ನೇರ ವಿಷಯಕ್ಕೆ ಕರೆದೊಯ್ಯುತ್ತದೆ. ಹಿತ್ತಿಲ ಬಾಗಿಲಿನ ಹಾಗೆ. ಮನೆಯವರಿಗೆ ಮಾತ್ರ ಗೊತ್ತು. ಕಣ್ಣು ಕಾಣದವರು, ಕೈ ಆಡದವರು ಬರುತ್ತಾರೆಂದು ನೆನಪಿಟ್ಟುಕೊಂಡು ಕಟ್ಟಿದ ಪುಟಗಳಲ್ಲಿ ಇಂಥದ್ದಿರುತ್ತದೆ. ಎಷ್ಟೋ ಪುಟಗಳಲ್ಲಿ ಇರುವುದಿಲ್ಲ. ಟ್ಯಾಬ್ ಒತ್ತಿದರೆ ಚೌಕಟ್ಟೇ ಕಾಣದು; ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ ಎಲ್ಲಿದ್ದೇವೆಂದೇ ತಿಳಿಯದು. ಒಂದು ಬ್ಯಾಂಕಿನ ಪುಟವಂತೂ ಗುಪ್ತಪದವನ್ನು ಪರದೆಯ ಮೇಲೆ ಬಿಡಿಸಿದ ಅಕ್ಷರಗಳನ್ನು ಮುಟ್ಟಿಯೇ ಬರೆಯಬೇಕು ಎನ್ನುತ್ತಿತ್ತು. ಮೂರು ಸಲ ತಪ್ಪಿದರೆ ಬಾಗಿಲು ಮುಚ್ಚುತ್ತಿತ್ತು. ಆ ಕೆಲಸಕ್ಕೆ ಇವತ್ತಿಗೂ ಆಟೋ ಮಾಡಿಕೊಂಡು ಬ್ಯಾಂಕಿಗೇ ಹೋಗುತ್ತೇವೆ.

ಕನ್ನಡದಲ್ಲಿ ಬರೆಯಬೇಕೆಂಬ ಆಸೆ ಸಹಜವಾಗಿ ಹುಟ್ಟಿತು. ನುಡಿಯಲ್ಲಿರುವ ಕೀಲಿಗಳ ಜೋಡಣೆ ಕೆ. ಪಿ. ರಾವ್ ಅವರ ಕೊಡುಗೆ. ಅಲ್ಲಿ ಕೆ ಒತ್ತಿದರೆ ಕ, ಶಿಫ್ಟಿನ ಜೊತೆ ಕೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. ದೀರ್ಘಕ್ಕೂ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್. "ಶ್ರಮವಿಲ್ಲದೆ ಮಹಾಪ್ರಾಣ ಬರಲ್ಲ ಅಂತ ಆಯ್ತು" ಎಂದರು. ಒಂದು ದಿನ ಮಹಾಪ್ರಾಣ ಎಂಬ ಪದವನ್ನೇ ಕುಟ್ಟಿ ನೋಡಿ, ಗಟ್ಟಿಯಾಗಿ ನಕ್ಕು ನನ್ನನ್ನು ಕರೆದರು. "ನೋಡೇ, ಮಹಾಪ್ರಾಣ ಅನ್ನೋ ಪದದಲ್ಲಿ ಒಂದೂ ಮಹಾಪ್ರಾಣ ಇಲ್ಲ! ಇಷ್ಟು ವರ್ಷ ಪಾಠ ಹೇಳಿದೆ, ಗಮನಿಸಿರಲಿಲ್ಲ." ಆಷಾಢದ ನಂತರ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಅಂಟಿನುಂಡೆ ಕೀಲಿಗೆ ಒಂದು ಸದ್ದಿದೆ. ಶಿಫ್ಟನ್ನೋ ಕಂಟ್ರೋಲನ್ನೋ ಒತ್ತಿದಾಗ ಟುಣ್ ಎನ್ನುತ್ತದೆ. ಅಡುಗೆಮನೆಯಲ್ಲಿದ್ದೇ ನನಗೆ ಇವರು ಏನು ಮಾಡುತ್ತಿದ್ದಾರೆಂದು ತಿಳಿಯತೊಡಗಿತು. ದಪ್ಪನೆಯ ಸದ್ದು ಸ್ಪೇಸ್ ಬಾರಿನದು, ಅಂದರೆ ಓದುತ್ತಿದ್ದಾರೆ. ಟುಣ್ ಟುಣ್ ಎಂದರೆ ಬರೆಯುತ್ತಿದ್ದಾರೆ. ಬಹಳ ಹೊತ್ತು ಸದ್ದಿಲ್ಲದಿದ್ದರೆ ತೂಕಡಿಸುತ್ತಿದ್ದಾರೆ. ಕೂಗುವುದು ನಿಂತುಹೋಗಿತ್ತು. ನನಗೆ ಅದರಿಂದ ಬಿಡುವಾಯಿತು ಎಂದರೆ ನಿಜ. ಸ್ವಲ್ಪ ಕಸಿವಿಸಿಯೂ ಆಯಿತು ಎಂದರೆ ಅದೂ ನಿಜ.

2023ರ ಏಪ್ರಿಲ್ ತಿಂಗಳು. ಮನೆ ಕಂದಾಯ ಕಟ್ಟಿದ ರಸೀದಿಯನ್ನು ಇಳಿಸಿಕೊಂಡಿದ್ದೆ, ಅದು ಎಲ್ಲಿ ಹೋಯಿತೆಂದು ಹುಡುಕಬೇಕಿತ್ತು. ಕಂಟ್ರೋಲ್ ಹಿಡಿದು ಜೆ ಒತ್ತಿದರೆ ಇಳಿಸಿಕೊಂಡವುಗಳ ಪಟ್ಟಿ ಬರುತ್ತದೆ. ನಾನು ಜೆ ಬಿಟ್ಟು ಪಕ್ಕದ ಎಚ್ ಒತ್ತಿದೆ. ಎಲ್ ಕೆ ಜೆ ಎಚ್ ಜೆ. ಜೆ ಮೇಲಿರುವ ಬೆರಳೇ ಎಚ್‌ಗೂ ಹೋಗಬೇಕು, ಹೋಗಿ ಮರಳಬೇಕು. ಸೀನಿಯರ್ ಪಾಸಾದವಳ ಬೆರಳು ಹೋಗಿ ಅಲ್ಲೇ ನಿಂತುಬಿಟ್ಟಿತು.

ಎಚ್ ಒತ್ತಿದರೆ ಈ ಹಿಂದೆ ನೋಡಿದ ಪುಟಗಳೆಲ್ಲ ಗಂಟೆ ನಿಮಿಷದ ಸಮೇತ ಸಾಲಾಗಿ ಬರುತ್ತವೆ. ಪಂಪ, ಬನವಾಸಿ, ಶಾಸನ, ಸಕ್ಕರೆಕಾಯಿಲೆ. ಅವುಗಳ ನಡುವೆ, ಮಧ್ಯಾಹ್ನ ಎರಡೂ ಮುಕ್ಕಾಲರಿಂದ ಮೂರೂವರೆಯವರೆಗೆ, ನಾನು ಮಲಗುವ ಹೊತ್ತಿನಲ್ಲಿ: "ವೃದ್ಧಾಶ್ರಮ ಶಿವಮೊಗ್ಗ." "ವೃದ್ಧಾಶ್ರಮ ತಿಂಗಳ ಶುಲ್ಕ." "ಪಾರ್ಶ್ವವಾಯು ರೋಗಿ ಸೇರಿಸಿಕೊಳ್ಳುವ ಆಶ್ರಮ." ಹಿಂದಿನ ದಿನವೂ ಇತ್ತು. ಅದರ ಹಿಂದಿನ ದಿನವೂ ಇತ್ತು.

ಎಲ್ಲಿಂದ ಶುರುವಾಗಿದೆ ಎಂದು ಕೆಳಗೆ ಇಳಿಯುತ್ತ ಹೋದೆ. ಮೊದಲ ಹುಡುಕಾಟದ ತಾರೀಕು ನೋಡಿದ ಮೇಲೆ ಇಳಿಯಬೇಕಾಗಲಿಲ್ಲ. ಅದು ಯುಗಾದಿಯ ಮರುದಿನ. ಹಬ್ಬದ ದಿನ ಸಂಜೆ, ಹಿತ್ತಿಲ ಕಟ್ಟೆಯ ಮೇಲೆ ಕೂತು ನಾನು ತಂಗಿಯೊಡನೆ ಫೋನಿನಲ್ಲಿ ಮಾತಾಡಿದ್ದೆ. ಬೆಳಗ್ಗೆ ಇವರನ್ನು ಹಾಸಿಗೆಯಿಂದ ಎಬ್ಬಿಸುವಾಗ ಸೊಂಟ ಹಿಡಿದುಕೊಂಡಿತ್ತು. ಹೋಳಿಗೆ ತಟ್ಟುವಾಗ ನಿಲ್ಲಲಾಗಿರಲಿಲ್ಲ. "ನನ್ನಿಂದ ಇನ್ನು ಆಗ್ತಾ ಇಲ್ಲ ಕಣೇ" ಎಂದಿದ್ದೆ. ಕೋಣೆಯ ಕಿಟಕಿ ತೆರೆದಿತ್ತು.

ವೃದ್ಧಾಶ್ರಮ ಎಂಬ ಪದವನ್ನು ನಾನು ಮನಸ್ಸಿನಲ್ಲೇ ಕುಟ್ಟಿ ನೋಡಿದೆ. ಅಭ್ಯಾಸ. ವಟ್ರಸುಳಿಗೆ ಒಂದು ಶಿಫ್ಟ್, ಧಕಾರಕ್ಕೆ ಒಂದು, ದೀರ್ಘಕ್ಕೆ ಒಂದು, ಶಕಾರಕ್ಕೆ ಒಂದು. ಒಂದು ಪದಕ್ಕೆ ನಾಲ್ಕು ಸಲ ಟುಣ್ ಎಂದಿರಬೇಕು. ಪ್ರತಿ ದಿನ ಎಂದಿರಬೇಕು. ನಾನು ನಿದ್ದೆ ಮಾಡುತ್ತಿದ್ದೆ. ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ.

ಮೂರು ದಿನ ಏನೂ ಹೇಳಲಿಲ್ಲ. ಹೇಳಿದರೆ ಕದ್ದು ನೋಡಿದಂತೆ, ಹೇಳದಿದ್ದರೆ ಒಪ್ಪಿದಂತೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ಸುಮ್ಮನೆ ಉಂಡರು. ಹಿಂದಾಗಿದ್ದರೆ ಒಂದು ವ್ಯಾಖ್ಯಾನವೇ ಆಗುತ್ತಿತ್ತು. ಉಪ್ಪಿನ ಸಾರನ್ನು ಮಾತಿಲ್ಲದೆ ಉಂಡದ್ದೇ ನನಗೆ ತಡೆಯಲಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಮಲಗಲಿಲ್ಲ. ಎರಡೂ ಮುಕ್ಕಾಲಕ್ಕೆ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಪರದೆಯ ಮೇಲೆ ಯಾವುದೋ ಆಶ್ರಮದ ಚಿತ್ರಗಳಿದ್ದವು. ಹಸಿರು ಬಣ್ಣದ ಗೋಡೆ, ಸಾಲು ಮಂಚ. ಅವರ ಕೈ ಕಂಟ್ರೋಲಿನ ಕಡೆ ಹೋಯಿತು, ಆದರೆ ಒತ್ತಲಿಲ್ಲ.

"ಊಟ ಹೇಗಂತೆ ಅಲ್ಲಿ?" ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ಮಾತು ಸಿಗಲು ಹೊತ್ತು ಹಿಡಿಯುತ್ತದೆ, ನಡುವೆ ನಾನು ಪೂರ್ತಿಮಾಡಬಾರದು ಎಂದು ಆ ಹುಡುಗಿ ಹೇಳಿದ್ದಳು. ಕಾದೆ. "ನಿನ್ನ ಸೊಂಟ" ಎಂದರು. ಮತ್ತೆ ಹುಡುಕಿದರು. "ನನ್ನನ್ನು ಎತ್ತಿ ಎತ್ತಿ..." ಅಷ್ಟಕ್ಕೆ ನಿಂತಿತು.

"ಆಗ್ತಾ ಇಲ್ಲ ಅಂದದ್ದು ನಿಜ" ಎಂದೆ. "ಸುಳ್ಳು ಹೇಳಿದೆ ಅಂತ ಈಗ ಹೇಳಲ್ಲ. ಬೆಳಗ್ಗೆ ಎಬ್ಬಿಸಿ ಸ್ನಾನ ಮಾಡಿಸೋದು ನನ್ನೊಬ್ಬಳಿಂದ ಆಗ್ತಾ ಇಲ್ಲ. ಅದಕ್ಕೆ ಜನ ಹುಡುಕೋಣ. ಆಶ್ರಮ ಯಾಕ್ರೀ ಹುಡುಕಬೇಕು?"

"ಖರ್ಚು" ಎಂದರು.

"ಅಲ್ಲಿ ಖರ್ಚಿಲ್ವಾ? ಶುಲ್ಕ ನೋಡಿದ್ದೀರಲ್ಲ."

ಬಾಯಿಯ ಎಡತುದಿ ಸ್ವಲ್ಪ ಅಲುಗಿತು. "ನೀನು ಹೇಗೆ ನೋಡಿದೆ?" ಎಂದರು.

ಜೆ ಒತ್ತಲು ಹೋಗಿ ಎಚ್ ಒತ್ತಿದೆ ಎಂದೆ. ಅವರು ನನ್ನ ಬೆರಳುಗಳನ್ನು ನೋಡಿದ ರೀತಿ, ಪರೀಕ್ಷೆಯಲ್ಲಿ ಮೊದಲ ದರ್ಜೆಯ ವಿದ್ಯಾರ್ಥಿ ಅ ಆ ತಪ್ಪಿ ಬರೆದಾಗ ಮೇಷ್ಟ್ರು ನೋಡುವ ಹಾಗಿತ್ತು. "ಇದನ್ನು ಅಳಿಸೋದು... ಹೇಳಿಕೊಡಲೇ ಇಲ್ಲ ನೀನು" ಎಂದರು. ಅದಕ್ಕೂ ಕೀಲಿಗಳಿವೆ, ಕಂಟ್ರೋಲ್ ಶಿಫ್ಟ್ ಡಿಲೀಟ್. ಹೇಳಿಕೊಟ್ಟಿರಲಿಲ್ಲ. ಈಗಲೂ ಹೇಳಿಕೊಟ್ಟಿಲ್ಲ.

"ವಜಾ ಮಾಡಿ" ಎಂದೆ.

ಕಂಟ್ರೋಲ್ ಒತ್ತಿದರು. ಟುಣ್. ಡಬ್ಲ್ಯೂ ಹುಡುಕಲು ಹೊತ್ತೇನೂ ಹಿಡಿಯಲಿಲ್ಲ. ಹಸಿರು ಗೋಡೆ ಹೋಯಿತು. "ಕಂಟ್ರೋಲ್ ಶಿಫ್ಟ್ ಟಿ ಒತ್ತಿದರೆ ಮತ್ತೆ ಬರುತ್ತೆ" ಎಂದರು. ನಾನೇ ಕಲಿಸಿದ್ದು ಅದು.

ಆಮೇಲೆ ಇಬ್ಬರೂ ಕೂತು, ಬೆಳಗಿನ ಎರಡು ಗಂಟೆ ಹೊತ್ತಿಗೆ ಬರುವ ಜನ ಯಾರಾದರೂ ಊರಿನಲ್ಲಿದ್ದಾರೆಯೇ ಎಂದು ಹುಡುಕಿದೆವು. ಜಾಲದಲ್ಲಿ ಯಾರೂ ಸಿಗಲಿಲ್ಲ. ಹಾಲು ಹಾಕುವವಳನ್ನು ಕೇಳಿದೆ. ಅವಳ ಅಕ್ಕನ ಮಗ ಸೋಮವಾರದಿಂದ ಬರುತ್ತೇನೆಂದ.